20 ಗ್ರಾಂ ಚಾಕೊಲೇಟ್, 10 ನಿಮಿಷ: ಸಿಹಿ ಬಿಡದೆ, ಮಿತಿ ಮೀರದೆ ತಿನ್ನುವ ಬಗೆ

ಟಿವಿ ನೋಡುತ್ತಾ ಕೂತವರ ಕೈಗೆ 100 ಗ್ರಾಂನ ಚಾಕೊಲೇಟ್ ಬಾರ್ ಕೊಟ್ಟು ನೋಡಿ. ಅರ್ಧ ಗಂಟೆಯಲ್ಲಿ ಬೆರಳು ಖಾಲಿ ಫಾಯಿಲ್ ತಡಕುತ್ತಿರುತ್ತದೆ. ಹೇಗಿತ್ತು ಎಂದು ಕೇಳಿದರೆ "ಸಿಹಿಯಾಗಿತ್ತು" ಎನ್ನುವುದರಾಚೆ ಉತ್ತರ ಬರುವುದಿಲ್ಲ. ನಾಲಿಗೆ ನಿಜವಾಗಿ ರುಚಿ ನೋಡಿದ್ದು ಮೊದಲ ಎರಡು ಮೂರು ತುಂಡುಗಳನ್ನು ಮಾತ್ರ. ಒಂದೇ ರುಚಿ ಮೇಲಿಂದ ಮೇಲೆ ಬಂದರೆ ಅದರ ಮೇಲಿನ ಆಸೆ ಇಳಿಯುತ್ತಾ ಹೋಗುತ್ತದೆ. ಹಬ್ಬದೂಟದಲ್ಲಿ ಮೂರನೆಯ ಹೋಳಿಗೆಗೆ ಮೊದಲನೆಯದರ ರುಚಿ ಇರುವುದಿಲ್ಲ. ಆದರೆ ಅಷ್ಟರಲ್ಲಿ ಮಾವಿನಕಾಯಿ ಚಿತ್ರಾನ್ನ ಬಡಿಸಿದರೆ ಮತ್ತೆ ನಾಲ್ಕು ತುತ್ತು ಸೇರುತ್ತದೆ. ಹಾಗಾಗಿ ಮಿತಿಯಲ್ಲಿ ತಿನ್ನಲು ಮನಸ್ಸನ್ನು ಬಿಗಿಹಿಡಿಯುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಮೂರು ಸಂಗತಿ: ಒಳ್ಳೆಯ ಬಾರ್, ಮೊದಲೇ ತೂಗಿಟ್ಟ ಪಾಲು, ಬಾಯಲ್ಲಿ ಕರಗಲು ಬಿಡುವ ಹೊತ್ತು.

ಕೊಳ್ಳುವ ಮೊದಲು ಹಿಂಬದಿ ತಿರುಗಿಸಿ

ರ‍್ಯಾಪರ್‌ನ ಮುಂಭಾಗದಲ್ಲಿ "ಡಾರ್ಕ್" ಎಂದಿರುವುದರಿಂದ ಏನೂ ತಿಳಿಯುವುದಿಲ್ಲ. ಹಿಂಬದಿಯ ಪದಾರ್ಥಗಳ ಪಟ್ಟಿ ನೋಡಿ. ಯಾವುದು ಹೆಚ್ಚು ತೂಕವೋ ಅದರ ಹೆಸರು ಮೊದಲು ಬರುತ್ತದೆ. ಮೊದಲ ಹೆಸರೇ ಸಕ್ಕರೆಯಾಗಿದ್ದರೆ ಪಟ್ಟಿಯ ಬೇರೆ ಯಾವ ಪದಾರ್ಥಕ್ಕಿಂತಲೂ ಸಕ್ಕರೆಯ ತೂಕವೇ ಹೆಚ್ಚು ಎಂದರ್ಥ. ಮಿಲ್ಕ್ ಚಾಕೊಲೇಟ್‌ನಲ್ಲಿ ಇದು ಸಾಮಾನ್ಯ. ಡಾರ್ಕ್ ಎಂದು ಮಾರುವ ಅಗ್ಗದ ಬಾರ್‌ಗಳಲ್ಲೂ ಇದೇ ಕತೆ.

ನಂತರ ಶೇಕಡಾ ಲೆಕ್ಕ. 70% ಎಂದರೆ 100 ಗ್ರಾಂನಲ್ಲಿ 70 ಗ್ರಾಂ ಕೋಕೋ ಬೀಜದಿಂದ ಬಂದದ್ದು. ಕೋಕೋ ಬೀಜದ ಒಣ ಅಂಶ, ಬೀಜದ ಕೊಬ್ಬಾದ ಕೋಕೋ ಬಟರ್ ಎರಡೂ ಅದರಲ್ಲಿ ಸೇರುತ್ತವೆ. ಉಳಿದ 30 ಗ್ರಾಂ ಹೆಚ್ಚುಕಡಿಮೆ ಪೂರಾ ಸಕ್ಕರೆ. ಒಣ ಅಂಶ ಎಷ್ಟು, ಬಟರ್ ಎಷ್ಟು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದಲೇ ಎರಡು 70% ಬಾರ್‌ಗಳಲ್ಲಿ ಒಂದು ಕಡುಕಹಿಯಾಗಿಯೂ ಇನ್ನೊಂದು ಮೆದುವಾಗಿಯೂ ಇರಬಹುದು. ವೈಟ್ ಚಾಕೊಲೇಟ್‌ನಲ್ಲಿ ಒಣ ಅಂಶವೇ ಇರುವುದಿಲ್ಲ. ಕೋಕೋ ಬಟರ್, ಹಾಲಿನ ಪುಡಿ, ಸಕ್ಕರೆ ಅಷ್ಟೇ.

ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಕೊಬ್ಬು. ಅಸಲಿ ಚಾಕೊಲೇಟ್‌ನ ಕೊಬ್ಬು ಕೋಕೋ ಬಟರ್. ಅದು ಸುಮಾರು 33–34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅಂದರೆ ಮೈಬಿಸಿಗಿಂತ ಸ್ವಲ್ಪ ಕೆಳಗೆ. ಹೊರಗೆ ಗಟ್ಟಿ, ನಾಲಿಗೆಯ ಮೇಲೆ ನೀರು: ಚಾಕೊಲೇಟ್‌ನ ಇಡೀ ಸೊಗಸು ಈ ಒಂದು ಗುಣದಲ್ಲಿದೆ. ಬೆಲೆ ಇಳಿಸಲು ಕೋಕೋ ಬಟರ್ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿ ಮಾಡಿದ್ದನ್ನು ವ್ಯಾಪಾರದಲ್ಲಿ "ಕಾಂಪೌಂಡ್" ಎನ್ನುತ್ತಾರೆ. ಅದು ಬಾಯಲ್ಲಿ ಪೂರಾ ಕರಗದೆ ಅಂಗುಳಕ್ಕೆ ಮೇಣದಂತೆ ಅಂಟಿಕೊಳ್ಳುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ ಚಾಕೊಲೇಟ್ ಎಂಬ ಹೆಸರಿನಲ್ಲಿ ಮಾರುವುದಕ್ಕೆ ಕೋಕೋ ಬಟರ್ ಅಲ್ಲದ ಸಸ್ಯಜನ್ಯ ಕೊಬ್ಬನ್ನು 5% ಮೀರದಂತೆ ಮಾತ್ರ ಸೇರಿಸಬಹುದು. ಸೇರಿಸಿದ್ದರೆ ಲೇಬಲ್ ಮೇಲೆ ಹಾಗೆಂದು ಹೇಳಲೇಬೇಕು. ಆ ಸಾಲು ಕಂಡರೆ ಬೇರೆ ಬಾರ್ ಎತ್ತಿಕೊಳ್ಳಿ. 322 ಎಂಬ ಸಂಖ್ಯೆ ಕಂಡು ಗಾಬರಿ ಬೇಡ, ಅದು ಲೆಸಿಥಿನ್, ಪದಾರ್ಥಗಳು ಚೆನ್ನಾಗಿ ಬೆರೆಯಲೆಂದು ಹಾಕುವುದು. ಸೋಯಾ ಅಥವಾ ಸೂರ್ಯಕಾಂತಿಯಿಂದ ಬರುತ್ತದೆ. 476 ಇದ್ದರೆ, ಕರಗಿದ ಚಾಕೊಲೇಟ್ ಸರಾಗವಾಗಿ ಹರಿಯಲಿ ಎಂದು ಸೇರಿಸಿದ್ದು. ಅದು ಕೋಕೋ ಬಟರ್ ಉಳಿಸುವ ಉಪಾಯವೂ ಹೌದು.

"ಶುಗರ್ ಫ್ರೀ" ಬಾರ್‌ಗಳಲ್ಲಿ ಹೆಚ್ಚಾಗಿ ಇರುವುದು ಸಕ್ಕರೆಯ ಬದಲಿಗೆ ಸಿಹಿ ಕೊಡುವ ಮಾಲ್ಟಿಟಾಲ್, ಸಂಖ್ಯೆ 965. ಸಕ್ಕರೆಯ ಅರ್ಧದಷ್ಟಾದರೂ ಕ್ಯಾಲೊರಿ ಅದರಲ್ಲಿದೆ, ಕೊಬ್ಬಂತೂ ಹಾಗೇ ಇರುತ್ತದೆ. ಸಕ್ಕರೆ ಇಲ್ಲವಲ್ಲ ಎಂದು ಅರ್ಧ ಬಾರ್ ಮುಗಿಸಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವುದುಂಟು. 70%ನ ಎರಡು ತುಂಡು ಇದಕ್ಕಿಂತ ಎಷ್ಟೋ ವಾಸಿ.

ಮಿಲ್ಕ್ ಚಾಕೊಲೇಟ್ ರೂಢಿಯಾದವರು ಒಮ್ಮೆಲೇ 85%ಕ್ಕೆ ಹಾರಬಾರದು. ಒಂದು ತುಂಡು ತಿಂದು ಮುಖ ಕಿವುಚಿ, ಬಾರನ್ನು ಫ್ರಿಜ್‌ನ ಮೂಲೆಗೆ ತಳ್ಳಿ, ಹಳೆಯದಕ್ಕೇ ಮರಳುವುದು ಹೀಗೇ. 45–50%ನಿಂದ ಶುರುಮಾಡಿ. ಎರಡು ಮೂರು ವಾರಕ್ಕೊಮ್ಮೆ ಒಂದು ಮೆಟ್ಟಿಲು ಹತ್ತಿ: 55, 60, 70. ಕಾಫಿಗೆ ಸಕ್ಕರೆ ಕಡಿಮೆ ಮಾಡಿದವರಿಗೆ ಇದು ಗೊತ್ತು, ತಿಂಗಳೆರಡು ಕಳೆದ ಮೇಲೆ ಹಳೆಯ ಸಿಹಿ ಮುಖಕ್ಕೆ ಹೊಡೆಯುತ್ತದೆ. 70ರಲ್ಲೇ ನಿಂತರೂ ಸಾಕು. 90% ತಿನ್ನುವುದೇನೂ ಸಾಧನೆಯಲ್ಲ; ಇಷ್ಟವಾಗದ್ದನ್ನು ಔಷಧದಂತೆ ನುಂಗಿದರೆ ಸಿಹಿಯ ಆಸೆ ಇನ್ನೊಂದು ಬಾಗಿಲಿನಿಂದ ಒಳಬರುತ್ತದೆ.

ಪಾಲು ಮಾಡುವ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹೇಳಿದ ಪ್ರಕಾರ, ಆಹಾರಕ್ಕೆ ನಾವು ಬೆರೆಸುವ ಸಕ್ಕರೆ ಮತ್ತು ಜೇನು, ಹಣ್ಣಿನ ರಸದಂಥವುಗಳ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ 10% ಮೀರಬಾರದು. 5%ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಇದು 50 ಗ್ರಾಂ, ಇನ್ನೂ ಒಳ್ಳೆಯದೆಂದರೆ 25 ಗ್ರಾಂ.

ಈಗ ಚಾಕೊಲೇಟ್ ಎಲ್ಲಿ ಕೂರುತ್ತದೆ ನೋಡೋಣ. 70%ನ 20 ಗ್ರಾಂನಲ್ಲಿ ಸಕ್ಕರೆ 6 ಗ್ರಾಂ, ಕ್ಯಾಲೊರಿ 115–120. ಅಷ್ಟೇ ತೂಕದ ಮಿಲ್ಕ್ ಚಾಕೊಲೇಟ್‌ನಲ್ಲಿ ಸಕ್ಕರೆ ಸುಮಾರು 10–11 ಗ್ರಾಂ. ಮಿಲ್ಕ್ ಚಾಕೊಲೇಟ್‌ನ 100 ಗ್ರಾಂ ಬಾರ್ ಒಂದೇ ಪಟ್ಟಿಗೆ ಮುಗಿಸಿದರೆ 50 ಗ್ರಾಂನ ಕೋಟಾ ಅಲ್ಲಿಗೇ ಮುಗಿಯಿತು. ಕ್ಯಾಲೊರಿಯಲ್ಲಿ ಮಾತ್ರ ಡಾರ್ಕ್, ಮಿಲ್ಕ್ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಡಾರ್ಕ್ ಎಂದರೆ ಎಷ್ಟಾದರೂ ತಿನ್ನಬಹುದು ಎಂಬ ನಂಬಿಕೆಯಿಂದ ತೂಕ ಏರಿಸಿಕೊಂಡವರು ಕಡಿಮೆಯೇನಿಲ್ಲ.

ಆದರೆ ನಮ್ಮ ಕಡೆ ಸಕ್ಕರೆಯ ದೊಡ್ಡ ಪಾಲು ಬರುವುದು ಬೇರೆ ಕಡೆಯಿಂದ. ದಿನಕ್ಕೆ ಮೂರು ಸಲ ಕಾಫಿ, ಪ್ರತಿ ಸಲ ಎರಡು ಚಮಚ ಸಕ್ಕರೆ ಎಂದರೆ ಚಮಚಕ್ಕೆ 4–5 ಗ್ರಾಂನಂತೆ 24ರಿಂದ 30 ಗ್ರಾಂ. ಅದನ್ನು ಸಿಹಿತಿಂಡಿ ಎಂದು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮೂರು ಕಾಫಿಯಲ್ಲಿ ಒಂದೊಂದು ಚಮಚ ಇಳಿಸಿದರೆ 12–15 ಗ್ರಾಂ ಉಳಿಯುತ್ತದೆ, ಅಷ್ಟರಲ್ಲಿ 70%ನ ಎರಡು ದಿನದ ಪಾಲು ಬರುತ್ತದೆ. ಚಾಕೊಲೇಟ್ ಬಿಡುವ ಮೊದಲು ಕಾಫಿಯ ಸಕ್ಕರೆ ಡಬ್ಬಿಯ ಕಡೆ ನೋಡಿ.

ತೂಗುವುದು ಹೀಗೆ. ಬಾರ್ ಮನೆಗೆ ಬಂದ ದಿನವೇ ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು 20 ಗ್ರಾಂನ ಪಾಲುಗಳಾಗಿ ಮುರಿಯಿರಿ. ಯಂತ್ರವಿಲ್ಲದಿದ್ದರೆ ಬಾರ್‌ನ ಮನೆಗಳನ್ನು ಎಣಿಸಿ: 100 ಗ್ರಾಂಗೆ 20 ಮನೆ ಇದ್ದರೆ ಒಂದೊಂದು 5 ಗ್ರಾಂ, ನಾಲ್ಕು ಮನೆ ಒಂದು ಪಾಲು. ಪ್ರತಿ ಪಾಲನ್ನೂ ಬಟರ್ ಪೇಪರ್‌ನಲ್ಲಿ ಸುತ್ತಿ ಡಬ್ಬಿಗೆ ಹಾಕಿ. ತಿನ್ನುವ ಹೊತ್ತಿಗೆ ಒಂದು ಪೊಟ್ಟಣ ಮಾತ್ರ ಹೊರಗೆ ಬರಬೇಕು, ಡಬ್ಬಿ ಒಳಗೇ ಇರಬೇಕು. ತಿನ್ನುತ್ತಾ ಮುರಿದುಕೊಂಡರಾಯಿತು ಎಂದುಕೊಂಡರೆ ಎಲ್ಲ ಕೆಡುವುದು ಅಲ್ಲೇ. ಅರ್ಧ ಮುರಿದ ಸಾಲು ಕಣ್ಣೆದುರು ಕಂಡರೆ "ಇದೊಂದು ಸಾಲು ಮುಗಿಸಿಬಿಡೋಣ" ಅನ್ನಿಸುವುದು ಎಲ್ಲರಿಗೂ ಸಹಜ.

ಹೊತ್ತು

ಖಾಲಿ ಹೊಟ್ಟೆಯಲ್ಲಿ ಬೇಡ. ಹಸಿದಾಗ ಬಾಯಿ ರುಚಿ ಕೇಳುವುದಿಲ್ಲ, ಹೊಟ್ಟೆ ತುಂಬಿಸು ಎನ್ನುತ್ತದೆ. ಮಧ್ಯಾಹ್ನದ ಊಟವಾದ ಅರ್ಧ ಗಂಟೆಗೆ, ಇಲ್ಲವೇ ಸಂಜೆ ನಾಲ್ಕರ ಸುಮಾರಿಗೆ ಒಂದು ಹಿಡಿ ಹುರಿದ ಕಡಲೆಬೀಜ ತಿಂದ ಮೇಲೆ ಸರಿಯಾದ ಹೊತ್ತು. 70%ನ 20 ಗ್ರಾಂನಲ್ಲಿ ಕೆಫೀನ್ ಸುಮಾರು 15 ಮಿಲಿಗ್ರಾಂ, ಒಂದು ಲೋಟ ಕಾಫಿಯ ಐದನೇ ಒಂದು ಭಾಗದಷ್ಟು. ಅದರ ಜೊತೆ ಕೆಫೀನ್‌ನ ಜಾತಿಯದೇ ಆದ ಥಿಯೋಬ್ರೊಮೈನ್ ಎಂಬ ಇನ್ನೊಂದು ಅಂಶವೂ ಇದೆ. ನಿದ್ದೆ ಸೂಕ್ಷ್ಮ ಇರುವವರು ರಾತ್ರಿ ಬಿಡುವುದು ಒಳ್ಳೆಯದು. ಎದೆಯುರಿ ಇರುವವರಂತೂ ತಿಂದು ಮಲಗಲೇಬಾರದು, ಅನ್ನನಾಳದ ಕೆಳಗಿನ ಬಾಗಿಲನ್ನು ಚಾಕೊಲೇಟ್ ಸಡಿಲಿಸುತ್ತದೆ.

ಹಲ್ಲಿನ ಮಟ್ಟಿಗೆ ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದು ಮುಖ್ಯ. ಪ್ರತಿ ಸಲ ಸಿಹಿ ತಿಂದಾಗಲೂ ಬಾಯಲ್ಲಿ ಅರ್ಧ ಗಂಟೆಯಷ್ಟು ಹೊತ್ತು ಆಮ್ಲ ಕೆಲಸ ಮಾಡುತ್ತದೆ. ಬೆಳಗಿನಿಂದ ಸಂಜೆವರೆಗೆ ಒಂದೊಂದೇ ಚೂರು ಬಾಯಿಗೆ ಹಾಕಿಕೊಳ್ಳುವುದಕ್ಕಿಂತ ಒಮ್ಮೆ ಕೂತು 10 ನಿಮಿಷದಲ್ಲಿ ಮುಗಿಸಿ ಬಾಯಿ ಮುಕ್ಕಳಿಸಿ.

ಕರಗಿಸಿ ತಿನ್ನುವುದು

ಚಾಕೊಲೇಟ್ ಕೋಣೆಯ ಬಿಸಿಗೆ ಬಂದಿರಬೇಕು, 20–24 ಡಿಗ್ರಿ ಆದರೆ ಒಳ್ಳೆಯದು. ಫ್ರಿಜ್‌ನಿಂದ ತೆಗೆದ ತಕ್ಷಣ ತಿಂದರೆ ಕರಗುವುದಕ್ಕೇ ತಡ, ಪರಿಮಳ ಬಿಡುವುದಿಲ್ಲ, ಕಲ್ಲು ಕಡಿದಂತೆ ಕಡಿದು ನುಂಗುತ್ತೀರಿ. ಉಪ್ಪಿನಕಾಯಿ, ಪೆಪ್ಪರ್‌ಮಿಂಟ್, ಎಲೆಯಡಿಕೆ ಹಾಕಿಕೊಂಡ ಬಾಯಿಗೆ ಚಾಕೊಲೇಟ್ ದಂಡ. ಉಗುರುಬೆಚ್ಚಗಿನ ನೀರು ಕುಡಿದು ಬಾಯಿ ತೊಳೆದುಕೊಳ್ಳಿ. ಐಸ್ ನೀರು ನಾಲಿಗೆಯನ್ನು ತಣ್ಣಗೆ ಮಾಡಿ ಬಟರ್ ಕರಗದಂತೆ ತಡೆಯುತ್ತದೆ.

ತುಂಡನ್ನು ಕಿವಿಯ ಹತ್ತಿರ ಹಿಡಿದು ಮುರಿಯಿರಿ. ಸರಿಯಾಗಿ ಹದಮಾಡಿದ ಡಾರ್ಕ್ ಚಾಕೊಲೇಟ್ "ಟಕ್" ಎಂದು ಮುರಿಯುತ್ತದೆ, ಅಂಚು ನೆಟ್ಟಗಿರುತ್ತದೆ. ಬೆಲ್ಲದಂತೆ ಬಗ್ಗಿ ಹರಿದರೆ ಬಿಸಿಲಲ್ಲಿ ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದು, ಇಲ್ಲವೇ ಕಾಂಪೌಂಡ್. ಮುರಿದ ಅಂಚನ್ನು ಮೂಸಿ ನೋಡಿ. ಆಮೇಲೆ 5 ಗ್ರಾಂ ತುಂಡನ್ನು ನಾಲಿಗೆಯ ಮೇಲಿಟ್ಟು ಎರಡು ಸಲ ಮಾತ್ರ ಹಗುರವಾಗಿ ಕಚ್ಚಿ, ಅಂಗುಳಕ್ಕೆ ಒತ್ತಿ ಹಿಡಿಯಿರಿ. ಅಗಿಯಬೇಡಿ. ಮೊದಲ ಹತ್ತು ಹದಿನೈದು ಸೆಕೆಂಡು ಏನೂ ತೋಚುವುದಿಲ್ಲ. ಬಟರ್ ಕರಗಿ ಹರಿಯತೊಡಗಿದಾಗ ಮೊದಲು ಹುಳಿ, ಆಮೇಲೆ ಸಿಹಿ, ಕೊನೆಗೆ ಕಹಿ ಮೇಲೇಳುತ್ತವೆ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟರೆ ಹುರಿದ ಬೀಜದ, ಒಣದ್ರಾಕ್ಷಿಯ, ಕೆಲವೊಮ್ಮೆ ಕಿತ್ತಳೆ ಸಿಪ್ಪೆಯ ವಾಸನೆ ಗೊತ್ತಾಗುತ್ತದೆ.

ಕಹಿಯನ್ನೂ ಒಗರನ್ನೂ ಬೇರೆ ಬೇರೆಯಾಗಿ ಗುರುತಿಸಲು ಕಲಿಯಿರಿ. ಕಹಿ ನಾಲಿಗೆಗೆ ತಿಳಿಯುವ ರುಚಿ, ಹಾಗಲಕಾಯಿಯದು. ಒಗರು ಕೆನ್ನೆಯ ಒಳಮೈಯನ್ನು ಹಿಡಿದು ಒಣಗಿಸುತ್ತದೆ, ಬಾಳೆಹೂವು ಅಥವಾ ಎಳೆ ಅಡಿಕೆ ಅಗಿದ ಹಾಗೆ. ಹಿತವಾದ ಕಹಿ ಒಳ್ಳೆಯ ಚಾಕೊಲೇಟ್‌ನಲ್ಲಿ ಇರಲೇಬೇಕು. ಬಾಯಿ ಒಣಗಿಸುವ ಒಗರು ಇದ್ದರೆ ಬೀಜ ಸರಿಯಾಗಿ ಹುದುಗಿಲ್ಲ. ಕೋಕೋ ಕಾಯಿ ಒಡೆದಾಗ ಬೀಜದ ಸುತ್ತ ಸೀತಾಫಲದಂತೆ ಬಿಳಿ ತಿರುಳಿರುತ್ತದೆ; ಅದರ ಸಮೇತ ಬೀಜವನ್ನು ರಾಶಿ ಹಾಕಿ ಅಥವಾ ಮರದ ಪೆಟ್ಟಿಗೆಯಲ್ಲಿಟ್ಟು ಐದಾರು ದಿನ ಹುದುಗಿಸುತ್ತಾರೆ. ಚಾಕೊಲೇಟ್‌ನ ಪರಿಮಳಕ್ಕೆ ಬುನಾದಿ ಬೀಳುವುದು ಅಲ್ಲಿ. ಮಳೆಗಾಲದಲ್ಲಿ ಬೀಜ ಒಣಗಿಸಲು ಬೆಂಕಿಯ ಹೊಗೆಗೆ ಇಟ್ಟರೆ ಹೊಗೆಯ ವಾಸನೆ ಕೊನೆಯ ತನಕ ಉಳಿಯುತ್ತದೆ.

ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲೇ ಈ ಬೆಳೆ ಇದೆ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಮೈಸೂರಿನ ನವಿಲುನಾದಂಥ ಸಣ್ಣ ತಯಾರಕರು ದಕ್ಷಿಣ ಭಾರತದ ಬೀಜವನ್ನೇ ತೆಗೆದುಕೊಂಡು ಬಾರ್ ಮಾಡುತ್ತಾರೆ. ಇಂಥ ಬಾರ್‌ಗಳ ಬೆಲೆ ಹೆಚ್ಚು, ನಿಜ. ಆದರೆ ಅದನ್ನು ದಿನಕ್ಕೆ 20 ಗ್ರಾಂನ ಲೆಕ್ಕದಲ್ಲಿ ನೋಡಿ. 50 ಗ್ರಾಂನ ಬಾರ್ ಎರಡೂವರೆ ದಿನ ಬರುತ್ತದೆ. ದುಬಾರಿಯದನ್ನು ಯಾರೂ ಗಬಗಬನೆ ತಿನ್ನುವುದಿಲ್ಲ ಎಂಬುದೂ ಲಾಭವೇ.

ನಾಲ್ಕು ತುಂಡಿನ ನಡುವೆ ಎರಡು ನಿಮಿಷ ಬಿಡುವು ಕೊಡಿ. ಜೊತೆಗೆ ಏನಾದರೂ ಬೇಕೆನ್ನಿಸಿದರೆ ನಾಲ್ಕು ಹುರಿದ ಗೋಡಂಬಿ, ಕೊಡಗಿನ ಕಿತ್ತಳೆಯ ಎರಡು ತೊಳೆ, ಇಲ್ಲವೇ ಸಕ್ಕರೆ ಹಾಕದ ಫಿಲ್ಟರ್ ಕಾಫಿಯ ಸಣ್ಣ ಲೋಟ. ಕಾಫಿಗೆ ಬೇಕಾದ ಸಿಹಿಯನ್ನು ಚಾಕೊಲೇಟ್ ತಾನೇ ಒದಗಿಸುತ್ತದೆ.

ಇಡುವುದು

15–18 ಡಿಗ್ರಿಯ ಒಣ, ಕತ್ತಲೆ ಜಾಗ ಬೇಕು. ಬೆಂಗಳೂರಿನ ಚಳಿಗಾಲದಲ್ಲಿ ಅಡುಗೆಮನೆಯಾಚೆಯ ಗೋಡೆ ಕಪಾಟಿನಲ್ಲಿ ಇಟ್ಟರೆ ನಡೆಯುತ್ತದೆ. 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ, ಸದಾ ಬೆವರುವ ಮಂಗಳೂರಿನಲ್ಲಿ ಫ್ರಿಜ್ ಬಿಟ್ಟರೆ ಗತಿಯಿಲ್ಲ.

ಫ್ರಿಜ್‌ನಲ್ಲಿ ಎರಡು ಅಪಾಯ. ಒಂದು ವಾಸನೆ. ಕೊಬ್ಬು ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಹುಳಿ ಬಂದ ದೋಸೆ ಹಿಟ್ಟು, ಹೆಚ್ಚಿಟ್ಟ ಈರುಳ್ಳಿ, ನಾಳೆಗೆಂದು ತಂದಿಟ್ಟ ಮಲ್ಲಿಗೆ ದಂಡೆ ಮೂರೂ ಒಂದೇ ರಾತ್ರಿಯಲ್ಲಿ ತೆರೆದ ಬಾರ್‌ಗೆ ಹತ್ತುತ್ತವೆ. ಇನ್ನೊಂದು ತೇವ. ತಣ್ಣನೆಯ ಬಾರ್ ಹೊರಗೆ ತೆಗೆದು ಕೂಡಲೇ ಬಿಚ್ಚಿದರೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ, ಮೇಲ್ಮೈಯ ಸಕ್ಕರೆ ಕರಗಿ, ಒಣಗಿದಾಗ ಬಿಳಿ ಹರಳಾಗುತ್ತದೆ. ಆದ್ದರಿಂದ ಫಾಯಿಲ್, ಅದರ ಮೇಲೆ ಜಿಪ್ ಕವರ್, ಅದರ ಮೇಲೆ ಗಾಳಿಯಾಡದ ಡಬ್ಬಿ. ತಿನ್ನುವ ಮುಕ್ಕಾಲು ಗಂಟೆ ಮೊದಲು ಪೊಟ್ಟಣವನ್ನು ಹೊರಗಿಡಿ, ಅದು ಕೋಣೆಯ ಬಿಸಿಗೆ ಬರುವ ತನಕ ಬಿಚ್ಚಬೇಡಿ. ಫ್ರೀಜರ್ ಬೇಡವೇ ಬೇಡ.

ಬಿಳಿ ಪದರ ಕಂಡರೆ ಬೂಷ್ಟು ಎಂದು ಎಸೆಯಬೇಡಿ. ಬೆರಳಿಂದ ಉಜ್ಜಿ ನೋಡಿ. ಜಿಡ್ಡಾಗಿ ಮಾಯವಾದರೆ ಕರಗಿ ಮೇಲೆ ಬಂದು ಗಟ್ಟಿಯಾದ ಕೋಕೋ ಬಟರ್. ಮರಳಿನಂತೆ ಒರಟಾಗಿದ್ದರೆ ಸಕ್ಕರೆ ಹರಳು. ಎರಡೂ ತಿನ್ನಲು ಸುರಕ್ಷಿತ, ಬಾಯಿಗೆ ಮಾತ್ರ ಹಿತವಿಲ್ಲ. ಅದನ್ನು ಬಿಸಿ ಹಾಲಿಗೆ ಬಳಸಿ, ವಿಧಾನ ಕೊನೆಯಲ್ಲಿದೆ.

ಹಬ್ಬದ ಸಿಹಿಗೂ ಇದೇ ತಕ್ಕಡಿ

ಮೈಸೂರು ಪಾಕಿಗೆ ಮನೆಯ ಅಳತೆ ಸಾಮಾನ್ಯವಾಗಿ ಕಡಲೆಹಿಟ್ಟು ಒಂದು ಬಟ್ಟಲು, ಸಕ್ಕರೆ ಎರಡು, ತುಪ್ಪ ಎರಡು. ತೂಕಕ್ಕೆ ತಂದರೆ ಒಟ್ಟಿನಲ್ಲಿ ಅರ್ಧದ ಹತ್ತಿರ ಸಕ್ಕರೆ; 30 ಗ್ರಾಂನ ಒಂದು ತುಂಡಿನಲ್ಲಿ ಸುಮಾರು 13 ಗ್ರಾಂ. ಬೇಳೆಯಷ್ಟೇ ತೂಕದ ಬೆಲ್ಲ ಹಾಕಿ, ಒಂದು ಬಟ್ಟಲು ಬೇಳೆಗೆ ಹತ್ತು ಹನ್ನೆರಡು ಹೋಳಿಗೆ ತಟ್ಟಿದರೆ ತಲಾ 17–20 ಗ್ರಾಂ ಬೆಲ್ಲ. ಬೆಲ್ಲವಲ್ಲವೇ, ಪರವಾಗಿಲ್ಲ ಎನ್ನುವಂತಿಲ್ಲ. ಬೆಲ್ಲದಲ್ಲಿ ಕಬ್ಬಿಣ, ಖನಿಜ ಚೂರುಪಾರು ಇರಬಹುದು, ಬಹುಪಾಲು ಅದೂ ಸಕ್ಕರೆಯೇ. ಹೋಳಿಗೆಯ ದಿನ ಚಾಕೊಲೇಟ್ ಬೇಡ, ಪಾಯಸವೂ ಬೇಡ. ಎರಡು ಹೋಳಿಗೆ ತುಪ್ಪ ಹಾಕಿ ನೆಮ್ಮದಿಯಾಗಿ ತಿನ್ನಿ.

ದೀಪಾವಳಿಗೆ ಬರುವ ಸಿಹಿ ಡಬ್ಬಿಗಳು ಮೇಜಿನ ಮೇಲೇ ಕೂತರೆ ಓಡಾಡುವಾಗಲೆಲ್ಲ ಒಂದೊಂದು ಬಾಯಿಗೆ ಹೋಗುತ್ತದೆ. ಬಂದ ದಿನವೇ ವಿಂಗಡಿಸಿ. ರಸಗುಲ್ಲ, ಹಾಲಿನ ಬರ್ಫಿ, ಬೆಳಗಾವಿ ಕುಂದದಂಥವು ಫ್ರಿಜ್‌ಗೆ, ಎರಡು ಮೂರು ದಿನದಲ್ಲಿ ಮುಗಿಯಬೇಕು. ಮನೆಮಂದಿಗೆ ಹೆಚ್ಚಾದದ್ದನ್ನು ಅಂದೇ ಹಂಚಿಬಿಡಿ. ಮೈಸೂರು ಪಾಕು, ಲಾಡು, ಕರದಂಟು ಹತ್ತು ದಿನ ತಡೆಯುತ್ತವೆ. ಮೈಸೂರು ಪಾಕನ್ನು ನಾಲ್ಕಾಗಿ, ಕರದಂಟನ್ನು ಎರಡಾಗಿ ಕತ್ತರಿಸಿ ಕಣ್ಣಿಗೆ ಕಾಣದ ಸ್ಟೀಲ್ ಡಬ್ಬಿಯಲ್ಲಿಡಿ. ತಿನ್ನುವಾಗ ಸಣ್ಣ ತಟ್ಟೆಗೆ ಹಾಕಿಕೊಂಡು ಕೂತು ತಿನ್ನಿ. ನಿಂತು, ಡಬ್ಬಿಗೇ ಕೈ ಹಾಕಿ ತಿಂದದ್ದರ ಲೆಕ್ಕ ಯಾರಿಗೂ ಸಿಗುವುದಿಲ್ಲ.

ಕೆಲವರಿಗೆ ವಿಶೇಷ ಎಚ್ಚರ

ಮಧುಮೇಹಿಗಳು ಪ್ರಮಾಣವನ್ನು ತಮ್ಮ ವೈದ್ಯರ ಜೊತೆ ಮಾತಾಡಿ ನಿಗದಿ ಮಾಡಿಕೊಳ್ಳಬೇಕು. ಇನ್ನೊಂದು ಮಾತು ಜೀವಕ್ಕೆ ಸಂಬಂಧಿಸಿದ್ದು: ಸಕ್ಕರೆ ಮಟ್ಟ ಇಳಿದು ಬೆವರು, ನಡುಕ ಬಂದಾಗ ಚಾಕೊಲೇಟ್ ಕೊಡಬೇಡಿ. ಅದರಲ್ಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಎಚ್ಚರವಿದ್ದು ನುಂಗುವ ಸ್ಥಿತಿಯಲ್ಲಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಕಲಸಿದ ನೀರು ಕೊಡಿ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆದವರಿಗೆ ಡಾರ್ಕ್ ಚಾಕೊಲೇಟ್ ಒಗ್ಗುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ ಬೆರೆಸಿದ ಯಾವುದೂ ಬೇಡ. ನಾಯಿಗೆ ಒಂದು ಚೂರೂ ಹಾಕಬೇಡಿ. ಥಿಯೋಬ್ರೊಮೈನ್ ಅದರ ದೇಹದಿಂದ ಬೇಗ ಹೊರಹೋಗುವುದಿಲ್ಲ, ಡಾರ್ಕ್ ಆದಷ್ಟೂ ವಿಷ ಹೆಚ್ಚು.

ಉಳಿದ ಚೂರಿನಿಂದ ಬಿಸಿ ಚಾಕೊಲೇಟ್

ಅಂಗಡಿಯ ಡ್ರಿಂಕಿಂಗ್ ಚಾಕೊಲೇಟ್ ಪುಡಿಗಳಲ್ಲಿ ಹೆಚ್ಚಿನವಕ್ಕೆ ಸಕ್ಕರೆಯೇ ಮೊದಲ ಪದಾರ್ಥ. ಬಾರ್‌ನಿಂದಲೇ ಮಾಡಿಕೊಳ್ಳಿ. ಒಬ್ಬರಿಗೆ ಹಾಲು 150 ಮಿಲಿ, 70% ಚಾಕೊಲೇಟ್ 15 ಗ್ರಾಂ, ಸಿಹಿ ಬೆರೆಸದ ಕೋಕೋ ಪುಡಿ ಅರ್ಧ ಚಮಚ, ಚಿಟಿಕೆ ಉಪ್ಪು, ಬೇಕಿದ್ದರೆ ಒಂದು ಏಲಕ್ಕಿ ಜಜ್ಜಿದ್ದು. ಚಾಕೊಲೇಟನ್ನು ಚಾಕುವಿನಿಂದ ಸಣ್ಣಗೆ ಹೆಚ್ಚಿ ಒಣ ಪಾತ್ರೆಗೆ ಹಾಕಿ, ಕೋಕೋ ಪುಡಿ, ಉಪ್ಪು ಸೇರಿಸಿ. ಹಾಲಿಗೆ ಏಲಕ್ಕಿ ಹಾಕಿ ಕಾಯಿಸಿ, ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದ ಕೂಡಲೇ ಇಳಿಸಿ. ಮೊದಲು ಮೂರು ದೊಡ್ಡ ಚಮಚ ಹಾಲು ಮಾತ್ರ ಚಾಕೊಲೇಟ್ ಮೇಲೆ ಹುಯ್ದು ಅರ್ಧ ನಿಮಿಷ ಮುಟ್ಟದೆ ಬಿಡಿ. ನಂತರ ನಡುವಿನಿಂದ ಹೊರಕ್ಕೆ ತಿರುವುತ್ತಾ ಬಂದರೆ ಹೊಳೆಯುವ ಗಟ್ಟಿ ದ್ರವವಾಗುತ್ತದೆ. ಆಮೇಲೆ ಉಳಿದ ಹಾಲು ಸೇರಿಸಿ, ಸಣ್ಣ ಉರಿಯಲ್ಲಿ ಒಂದು ನಿಮಿಷ ಕೈಯಾಡಿಸಿ.

ಮೊದಲು ಹುಯ್ದ ಹಾಲು ತೀರಾ ಕಡಿಮೆಯಾದರೆ ಚಾಕೊಲೇಟ್ ಕರಗುವ ಬದಲು ಮಣ್ಣಿನ ಹೆಂಟೆಯಂತೆ ಗಂಟಾಗುತ್ತದೆ, ಏಕೆಂದರೆ ಅಷ್ಟು ತೇವ ಸಕ್ಕರೆ, ಕೋಕೋ ಕಣಗಳನ್ನು ಒಂದಕ್ಕೊಂದು ಅಂಟಿಸಲು ಮಾತ್ರ ಸಾಕಾಗುತ್ತದೆ. ಗಾಬರಿಯಾಗಿ ಉರಿ ಏರಿಸಬೇಡಿ. ಇನ್ನೆರಡು ಚಮಚ ಬಿಸಿ ಹಾಲು ಹುಯ್ದು ಕಡೆದರೆ ಗಂಟು ಬಿಡುತ್ತದೆ. ಏಲಕ್ಕಿ ಸಿಪ್ಪೆ ಸೋಸಿ ಕಾಫಿ ಲೋಟಕ್ಕೆ ಹಾಕಿ, ಬಟ್ಟಲಿಗೆ ಎರಡು ಸಲ ಎತ್ತಿ ಹುಯ್ದು ನೊರೆ ಬರಿಸಿ ಕೂಡಲೇ ಕುಡಿಯಿರಿ. ತಣ್ಣಗಾಗಲು ಬಿಟ್ಟರೆ ಕೆನೆ ಕಟ್ಟಿ, ಕೋಕೋ ತಳಕ್ಕೆ ಇಳಿದು, ಮೇಲೆ ಬರೀ ಹಾಲು ಉಳಿಯುತ್ತದೆ.